ಒಂಬತ್ತು ರಾತ್ರಿಯ ಬ್ಯಾಂಡು

ಗುಜರಾತಿನಲ್ಲಿ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕೆಲಸ ಮಾಡಿ ಬಂದವನು ಅಂತ ಗೊತ್ತಾದ ಕೂಡಲೇ ಊರಿನವರು ಕೇಳುವ ಪ್ರಶ್ನೆ ಒಂದೇ. 'ಹಾಗಾದ್ರೆ ನಿಮಗೆ ಗರ್ಬಾ ಕುಣಿಯೂಕೆ ಬತ್ತಾ?' ಇಲ್ಲ ಎಂದರೆ ಅವರಿಗೆ ನಿರಾಸೆ. ಅಷ್ಟು ವರ್ಷ ಅಲ್ಲಿದ್ದು ಮತ್ತೇನು ಮಾಡಿದಿರಿ ಅನ್ನುವ ಹಾಗೆ ನೋಡುತ್ತಾರೆ. ನಾನು ಕುಣಿದವನಲ್ಲ, ಕೇಳಿದವನು. ಸುತ್ತು ತಿರುಗುವ ಸಾವಿರಾರು ಜನರಿಗೆ ಬೆನ್ನು ಹಾಕಿ, ವೇದಿಕೆಯ ಮೇಲೆ ಬೆವರು ಸುರಿಸುತ್ತಾ ನುಡಿಸುವ ಹತ್ತು ಹನ್ನೆರಡು ಜನರ ಕಡೆಗೇ ಮುಖ ಮಾಡಿ ನಿಂತವನು. ಹಾಗೆ ನಿಲ್ಲುವ ಅಭ್ಯಾಸ ನನಗೆ ಊರಿನಿಂದಲೇ ಬಂದದ್ದು.

ನಮ್ಮದು ಕುಂದಾಪುರದ ಕಡೆ. ಕಾಲೇಜಿನ ದಿನಗಳಲ್ಲಿ ಸಾಲಿಗ್ರಾಮ ಮೇಳದ ಟೆಂಟು ಎಲ್ಲಿ ಬಿದ್ದರೂ ಸೈಕಲ್ ತುಳಿದುಕೊಂಡು ಹೋಗುತ್ತಿದ್ದೆವು. ವೇಷ ನೋಡಲು ಹೋಗುವವರು ಬೇರೆ, ನಾವು ಹೋಗುತ್ತಿದ್ದುದು ಭಾಗವತ ಕಾಳಿಂಗ ನಾವಡರ ಪದ ಕೇಳಲು. ಅವರು ಆಗಿನ್ನೂ ಇಪ್ಪತ್ತರ ಆಸುಪಾಸಿನ ಹುಡುಗ, ಹೆಚ್ಚುಕಡಿಮೆ ನಮ್ಮದೇ ವಯಸ್ಸು. ಅವರೇ ಬರೆದ 'ನಾಗಶ್ರೀ' ಪ್ರಸಂಗಕ್ಕೆ ಟೆಂಟು ತುಂಬಿ ಹೊರಗೂ ಜನ ನಿಲ್ಲುತ್ತಿದ್ದರು. ನೆಲದ ಟಿಕೇಟು ತೆಗೆದುಕೊಂಡು ರಂಗಸ್ಥಳದ ಬದಿಗೆ ಕೂತರೆ ಚಂಡೆಯ ಪೆಟ್ಟು ಎದೆಗೇ ಬಂದು ಬೀಳುತ್ತಿತ್ತು. ಇಂಗ್ಲಿಷ್ ಸಿನಿಮಾದವರು, ಪಟ್ಟಣದ ಹುಡುಗರು ರಾಕ್ ಬ್ಯಾಂಡ್ ಅಂತ ಹುಚ್ಚು ಹಿಡಿಸಿಕೊಳ್ಳುತ್ತಾರಲ್ಲ, ಅದೇ ಹುಚ್ಚು. ನಮ್ಮ ಬ್ಯಾಂಡಿನಲ್ಲಿ ಗಿಟಾರ್ ಇರಲಿಲ್ಲ, ಅಷ್ಟೇ.

ಎಂ.ಕಾಂ ಮುಗಿಸಿ ಬ್ಯಾಂಕು ಸೇರಿದೆ. 1989ರಲ್ಲಿ ವಡೋದರಾಕ್ಕೆ ವರ್ಗವಾಯಿತು. ಊರಿನ ಪೇಪರು ಅಂಚೆಯಲ್ಲಿ ನಾಲ್ಕೈದು ದಿನ ತಡವಾಗಿ ಬರುತ್ತಿತ್ತು. 1990ರ ಜೂನ್ ಮೊದಲ ವಾರ ಹಾಗೆ ಬಂದ ಒಂದು ಸಂಚಿಕೆಯಲ್ಲಿ ನಾವಡರು ರಸ್ತೆ ಅಪಘಾತದಲ್ಲಿ ತೀರಿಕೊಂಡ ಸುದ್ದಿ ಇತ್ತು. ಮೂವತ್ತೊಂದು ವರ್ಷ ವಯಸ್ಸು. ಊರಿನಲ್ಲಿ ಎಲ್ಲರೂ ಅತ್ತು ಮುಗಿಸಿದ ಮೇಲೆ ನನಗೆ ಗೊತ್ತಾಗಿತ್ತು. ಪಕ್ಕದ ಟೇಬಲ್ಲಿನವನಿಗೆ ಹೇಳಿದೆ. ಅವನು 'ಸಂಬಂಧಿಕರಾ?' ಅಂತ ಕೇಳಿದ. ಅಲ್ಲ ಅಂದೆ. ಯಕ್ಷಗಾನ ಅಂದರೇನು, ಭಾಗವತ ಅಂದರೇನು ಅಂತ ಹಿಂದಿಯಲ್ಲಿ ವಿವರಿಸಲು ಹೊರಟು ಅರ್ಧಕ್ಕೇ ಬಿಟ್ಟೆ. ಪರಸ್ಥಳ ಅಂದರೆ ಏನು ಅಂತ ಆ ಮಧ್ಯಾಹ್ನ ನನಗೆ ಅರ್ಥವಾಯಿತು.

ಆ ವರ್ಷ ನವರಾತ್ರಿ ಬಂದದ್ದು ಸೆಪ್ಟೆಂಬರ್ ಕೊನೆಗೆ, ಅರ್ಧವಾರ್ಷಿಕ ಲೆಕ್ಕ ಮುಗಿಸುವ ಸಮಯಕ್ಕೆ ಸರಿಯಾಗಿ. ಕಂಪ್ಯೂಟರ್ ಇಲ್ಲದ ಕಾಲ. ರಾತ್ರಿ ಹತ್ತರವರೆಗೆ ಲೆಡ್ಜರ್ ಕೂಡಿಸಿ, ಹದಿನೇಳು ರೂಪಾಯಿಯ ವ್ಯತ್ಯಾಸ ಎಲ್ಲಿದೆ ಅಂತ ಹುಡುಕಿ, ಸಿಗದೆ ಬಾಗಿಲು ಹಾಕಿ ಮಾಂಡ್ವಿ ಕಡೆಯ ಗಲ್ಲಿಗಳಲ್ಲಿ ನಡೆದು ಬರುತ್ತಿದ್ದೆ. ಒಂದು ಪೋಳದ ಬಾಯಲ್ಲಿ ಢೋಲಿನ ಸದ್ದು ಕೇಳಿತು. ಪೋಳ ಅಂದರೆ ಒಂದೇ ಬಾಗಿಲಿನ ಹಳೆಯ ಕೇರಿ. ನಾವು ಕೇರಿ ಅನ್ನುವುದಕ್ಕೆ ಅವರು ಶೇರಿ ಅನ್ನುವುದೂ ಉಂಟು, ಶಬ್ದ ಎಷ್ಟು ಹತ್ತಿರ ನೋಡಿ. ಒಳಗೆ ಹಲಗೆ ಹಾಸಿದ ಪುಟ್ಟ ವೇದಿಕೆ, ಹಾರ್ಮೋನಿಯಂ, ಒಂದು ಬೆಂಜೊ, ಇಬ್ಬರು ಹಾಡುವವರು, ಒಬ್ಬ ಢೋಲ್ ಬಾರಿಸುವವನು. ಆ ಮನುಷ್ಯ ಒಂದೊಂದು ಸುತ್ತಿಗೂ ವೇಗವನ್ನು ಕೂದಲೆಳೆಯಷ್ಟು ಏರಿಸುತ್ತಾ ಹೋದ. ಕುಣಿಯುವವರಿಗೆ ಏರಿದ್ದು ಗೊತ್ತೇ ಆಗುತ್ತಿರಲಿಲ್ಲ, ಕಾಲು ಮಾತ್ರ ಓಡುತ್ತಿತ್ತು. ಬೆಳಗಿನ ಜಾವ ಮೂರು ಗಂಟೆಗೆ ನಾನು ಇನ್ನೂ ಅಲ್ಲೇ ನಿಂತಿದ್ದೆ.

ಇಲ್ಲಿ ಸ್ವಲ್ಪ ಹಿಂದಿನ ಕತೆ ಹೇಳಬೇಕು. ಗರ್ಬಾ ಎಂಬ ಹೆಸರು 'ಗರ್ಭ'ದಿಂದ ಬಂದದ್ದು. ತೂತು ಕೊರೆದ ಮಣ್ಣಿನ ಮಡಕೆ, ಒಳಗೊಂದು ದೀಪ, ಅದನ್ನು ನಡುವೆ ಇಟ್ಟು ಸುತ್ತ ಹೆಂಗಸರು ಚಪ್ಪಾಳೆ ತಟ್ಟಿ ಹಾಡುತ್ತಾ ತಿರುಗುವುದು. ಬಹುಚರಾ ದೇವಿಯ ಭಕ್ತ ವಲ್ಲಭ ಭಟ್ಟ ಬರೆದ ಹಾಡುಗಳನ್ನು ಇವತ್ತಿಗೂ ಹಾಡುತ್ತಾರೆ. ವಡೋದರಾಕ್ಕೆ ಹತ್ತಿರದ ಡಭೋಯಿಯಲ್ಲಿದ್ದ ದಯಾರಾಮ (1777–1853) ಕೃಷ್ಣನ ಮೇಲೆ ಗರ್ಬಿಗಳನ್ನು ಬರೆದ. ಆ ಕಾಲದಲ್ಲಿ ಹಾಡುವವರೂ ಕುಣಿಯುವವರೂ ಬೇರೆ ಬೇರೆ ಇರಲಿಲ್ಲ. ಒಬ್ಬಾಕೆ ಹೇಳಿಕೊಡುವಳು, ಉಳಿದವರು ಎತ್ತಿಕೊಳ್ಳುವರು. ವೇದಿಕೆ ಇಲ್ಲ, ನಡುವೆ ಇರುವುದು ದೀಪ. ಗಂಡಸರದೂ ಉಂಟು. ಅಹಮದಾಬಾದಿನ ಶಾಹಪುರದ ಸಾಧು ಮಾತಾ ಪೋಳದಲ್ಲಿ ಅಷ್ಟಮಿಯ ರಾತ್ರಿ ಬಾರೋಟ್ ಸಮಾಜದ ಗಂಡಸರು ಸೀರೆ ಉಟ್ಟು ಗರ್ಬಾ ತಿರುಗುತ್ತಾರೆ. ಹಿಂದೊಮ್ಮೆ ಒಬ್ಬ ಹೆಣ್ಣುಮಗಳನ್ನು ಕಾಪಾಡಲಾರದೆ ಹೋದ ತಮ್ಮ ಹಿರಿಯರ ತಪ್ಪಿಗೆ ಪ್ರಾಯಶ್ಚಿತ್ತ ಅಂತ ಹೇಳುತ್ತಾರೆ. ಇತರರಿಗೆ ಅದು ವಿಚಿತ್ರ ಕಾಣಬಹುದು. ಸ್ತ್ರೀವೇಷ ನೋಡಿ ಬೆಳೆದ ನಮಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ದೀಪದ ಜಾಗಕ್ಕೆ ವೇದಿಕೆ ಬಂದದ್ದು ನಿಧಾನವಾಗಿ. ಅಹಮದಾಬಾದಿನಲ್ಲಿ ಹುಟ್ಟಿದ ಅವಿನಾಶ್ ವ್ಯಾಸ್ (1912–1984) ಗುಜರಾತಿ ಸಿನಿಮಾಗಳಿಗೆ, ರೆಕಾರ್ಡುಗಳಿಗೆ ಬರೆದು ರಾಗ ಹಾಕಿದ ಗರ್ಬಾಗಳು ರೇಡಿಯೋದಿಂದ ಮನೆಮನೆಗೆ ಹೋದವು. ಧ್ವನಿವರ್ಧಕ ಬಂತು. ಹಾಡುವವರು ಸುತ್ತಿನಿಂದ ಹೊರಬಂದು ಮೈಕಿನ ಮುಂದೆ ನಿಂತರು. ಆಮೇಲೆ ಬಂದವನು ಬಾಬ್ಲಾ. ಕಚ್ಛ್ ಮೂಲದ ಕಲ್ಯಾಣ್‌ಜಿ–ಆನಂದ್‌ಜಿ ಸಹೋದರರ ತಮ್ಮ. 1980ರ ಹೊತ್ತಿಗೆ ಅವನ 'ಡಿಸ್ಕೋ ದಾಂಡಿಯಾ' ಕ್ಯಾಸೆಟ್ಟುಗಳು ಮುಂಬಯಿಯಿಂದ ಲಂಡನ್ನಿನವರೆಗೆ ಗುಜರಾತಿಗಳ ಮನೆಗಳಲ್ಲಿ ಓಡಿದವು. ಡ್ರಮ್ ಸೆಟ್, ಸಿಂಥಸೈಜರ್, ಜೊತೆಗೆ ಅದೇ ಹಳೆಯ ತಾಳ. 1985ರಲ್ಲಿ ಜಪಾನಿನ ರೋಲಾಂಡ್ ಕಂಪನಿ ಆಕ್ಟಪ್ಯಾಡ್ ಎಂಬ ಎಂಟು ಚೌಕದ ವಾದ್ಯ ಹೊರತಂದಿತು. ನಮ್ಮ ದೇಶದ ಆರ್ಕೆಸ್ಟ್ರಾಗಳಿಗೆ ಅದು ದೊಡ್ಡ ವರದಾನವಾಯಿತು. ಒಬ್ಬನೇ ಕೂತು ನಾಲ್ಕು ಜನರ ಪೆಟ್ಟು ಹಾಕಬಹುದಲ್ಲ. ಇವೆಲ್ಲ ಸೇರಿ ಪೋಳದಿಂದ ಮೈದಾನಕ್ಕೆ ಗರ್ಬಾ ನಡೆಯಿತು. ಮೈದಾನಕ್ಕೆ ಬಂದ ಮೇಲೆ ಪಾಸು ಬಂತು, ಪಾಸಿನ ಜೊತೆ ಜಾಹೀರಾತು ಬಂತು.

ಇದನ್ನು ಹಾಳಾದ ಕತೆ ಅಂತ ಹೇಳುವವರು ಬಹಳ ಜನ. ನಾನು ಅಷ್ಟು ಬೇಗ ಒಪ್ಪುವುದಿಲ್ಲ. ಪೋಳದ ಸುತ್ತಿನೊಳಗೆ ನನ್ನಂಥ 'ಮದ್ರಾಸಿ'ಗೆ ಜಾಗವಿರಲಿಲ್ಲ, ಯಾರೂ ಬೇಡ ಅನ್ನದಿದ್ದರೂ. ವೇದಿಕೆ ಬಂದದ್ದರಿಂದಲೇ ಬರಿದೇ ನಿಂತು ಕೇಳುವವನಿಗೂ ಒಂದು ಜಾಗ ಹುಟ್ಟಿತು.

ವಡೋದರಾಕ್ಕೂ ನಮಗೂ ಸಂಗೀತದಲ್ಲಿ ಹಳೆಯ ಲೇವಾದೇವಿ ಇದೆ, ಅದನ್ನು ಅಲ್ಲಿಯವರಿಗೆ ಹೇಳಿ ಹೇಳಿ ಬೇಸರ ತರಿಸಿದ್ದೇನೆ. 1886ರಲ್ಲಿ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ಅಲ್ಲಿ ಸಂಗೀತ ಶಾಲೆ ತೆರೆದ ಮೌಲಾ ಬಕ್ಷ್, ಅದಕ್ಕೆ ಮೊದಲು ಮೈಸೂರು ಆಸ್ಥಾನಕ್ಕೆ ಬಂದು ಕರ್ನಾಟಕ ಸಂಗೀತ ಕಲಿತು ಮನ್ನಣೆ ಪಡೆದವರು. ಬರೋಡಾ ಆಸ್ಥಾನದ ಫಯಾಜ್ ಖಾನರಿಗೆ 'ಅಫ್ತಾಬ್–ಎ–ಮೌಸೀಕಿ' ಎಂಬ ಬಿರುದು ಕೊಟ್ಟದ್ದು ಮೈಸೂರು ಅರಮನೆ. ಇನ್ನು ಅಬ್ದುಲ್ ಕರೀಂ ಖಾನರು ಬರೋಡಾದಲ್ಲಿ ಹಾಡುಗಾರರಾಗಿದ್ದು, ಅಲ್ಲಿಂದ ತಾರಾಬಾಯಿಯವರ ಜೊತೆ ಹೊರಟುಬಂದವರು. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು. ಆಮೇಲಿನ ಧಾರವಾಡದ ಕತೆ ನಿಮಗೇ ಗೊತ್ತು.

ಮತ್ತೆ ಆ ಢೋಲಿನವನ ಕಡೆಗೆ ಬರುತ್ತೇನೆ. ದಸರಾ ಕಳೆದ ಮೇಲೆ ಅವನೇ ನಮ್ಮ ಶಾಖೆಯ ಕೌಂಟರಿಗೆ ಬಂದ. ಒಂಬತ್ತು ರಾತ್ರಿಯ ಸಂಪಾದನೆ ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದಿದ್ದ, ಎರಡು ಐದರ ನೋಟುಗಳೇ ಹೆಚ್ಚು. ಖಾತೆ ತೆರೆಯಲು ಆಗ ಪರಿಚಯದ ಸಹಿ ಬೇಕಿತ್ತು. ಅವನಿಗೆ ಬ್ಯಾಂಕಿನಲ್ಲಿ ಗೊತ್ತಿದ್ದವರು ಯಾರೂ ಇಲ್ಲ. ನಾನೇ ಹಾಕಿದೆ. 'ಸಾಬ್, ನೀವು ನನ್ನನ್ನು ಹೇಗೆ ಬಲ್ಲಿರಿ?' ಅಂದ. ಆರು ರಾತ್ರಿ ಕೇಳಿದ್ದೇನೆ ಅಂದೆ. ಅವನು ಮುಸ್ಲಿಂ, ತಲೆಮಾರುಗಳಿಂದ ಢೋಲ್ ಬಾರಿಸುವ ಮನೆತನ. ಅಂಬಾ ಮಾತೆಯ ಆರತಿಗೆ ಬಾರಿಸುವುದರಲ್ಲಿ ಅವನಿಗೂ ಸಂಕೋಚವಿರಲಿಲ್ಲ, ಕರೆದವರಿಗೂ ಇರಲಿಲ್ಲ. ಗುಜರಾತಿನಲ್ಲಿ ಮೀರ್, ಲಂಘಾ ಮೊದಲಾದ ಸಮುದಾಯಗಳಲ್ಲಿ ಇಂಥ ವಾದಕರು ಬಹಳ ಜನ ಇದ್ದರು.

ಅವನಿಂದಲೇ ನಾನು ಆ ಬ್ಯಾಂಡಿನ ಒಳಗುಟ್ಟು ಕಲಿತದ್ದು. ಮೊದಲು ಸ್ತುತಿ, ನಿಧಾನದ ಹಾಡು. ಆಮೇಲೆ ಎರಡು ಚಪ್ಪಾಳೆಯದು, ಮೂರು ಚಪ್ಪಾಳೆಯದು, ಹೀಂಚ್ ಎಂಬ ಆರು ಮಾತ್ರೆಯ ಓಟ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವಾಗ ನಡುವೆ ಮೌನ ಬೀಳಲೇಬಾರದು. ಬಿದ್ದರೆ ಸುತ್ತು ಮುರಿಯುತ್ತದೆ. ಹಾಡುವವನು ಉಸಿರು ತೆಗೆದುಕೊಳ್ಳುವಾಗ ಢೋಲ್ ತುಂಬಬೇಕು, ಢೋಲಿನ ಕೈ ಸೋತಾಗ ಕೋರಸ್ಸಿನವರು ಹಿಡಿಯಬೇಕು. ಹಾಡುಗಾರ ಜನರ ಮುಖ ನೋಡುವುದಿಲ್ಲ, ಕಾಲು ನೋಡುತ್ತಾನೆ. ಕಾಲು ಭಾರವಾದರೆ ತಾಳ ಬದಲಿಸುತ್ತಾನೆ. ನಮ್ಮ ಭಾಗವತರೂ ಹಾಗೇ ಅಲ್ಲವೇ? ವೇಷಧಾರಿಯ ಉಸಿರು ನೋಡಿ ಪದ ಎಳೆಯುವುದೋ ಬಿಗಿಯುವುದೋ ಅಂತ ತೀರ್ಮಾನಿಸುವುದು.

ಒಂದು ಭಾನುವಾರ ಅವನನ್ನು ಮನೆಗೆ ಕರೆದು ನಾವಡರ ಕ್ಯಾಸೆಟ್ ಹಾಕಿದೆ. ಅವನು ಕಣ್ಣು ಮುಚ್ಚಿ ಕೂತು ಟೇಬಲ್ಲಿನ ಮೇಲೆ ಬೆರಳಾಡಿಸಿದ. ಚಂಡೆ ಏರಿ ಏರಿ ಬಂದು ಒಂದು ಕಡೆ ಫಕ್ಕನೆ ನಿಂತಿತು. ಅವನ ಬೆರಳು ಮಾತ್ರ ಮುಂದಕ್ಕೆ ಹೋಗಿಬಿಟ್ಟಿತು. ನಕ್ಕುಬಿಟ್ಟ. ಮತ್ತೊಮ್ಮೆ ಹಾಕಿಸಿದ, ಮತ್ತೆ ತಪ್ಪಿತು. 'ಈ ಮನುಷ್ಯನ ಜೊತೆ ಒಂದು ರಾತ್ರಿ ಬಾರಿಸಬೇಕು' ಅಂದ. ಅವರು ಈಗಿಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು 'ಎಷ್ಟು ವಯಸ್ಸು?' ಅಂತ ಕೇಳಿದ. ಸುದ್ದಿ ಬಂದ ದಿನ ಆಫೀಸಿನಲ್ಲಿ ಯಾರೂ ಕೇಳದ ಪ್ರಶ್ನೆ ಅದು.

1993ರಲ್ಲಿ ಸೂರತ್‌ಗೆ ವರ್ಗವಾಯಿತು. ಅಲ್ಲಿಯ ಹೆಜ್ಜೆ ಬೇರೆ, 'ದೋಢಿಯು' ಎಂಬ ಅಡ್ಡಾದಿಡ್ಡಿ ಹೆಜ್ಜೆಯ ಕುಣಿತಕ್ಕೆ ಹುಡುಗರು ಪ್ರಾಣ ಬಿಡುತ್ತಿದ್ದರು. ಮರುವರ್ಷ ಸೆಪ್ಟೆಂಬರಿನಲ್ಲಿ ಪ್ಲೇಗು ಬಂತು. ಅದಕ್ಕೆ ಮೊದಲೇ ತಾಪಿ ನದಿಯ ನೆರೆ ಬಂದು ಹೋಗಿ ಊರೆಲ್ಲ ಕೊಳೆತಿತ್ತು. ಕೆಲವೇ ದಿನಗಳಲ್ಲಿ ಲಕ್ಷಗಟ್ಟಲೆ ಜನ ರೈಲು, ಲಾರಿ ಹತ್ತಿ ಊರು ಬಿಟ್ಟರು. ಕೌಂಟರಿನ ಮುಂದೆ ಹಣ ತೆಗೆಯುವವರ ಸಾಲು ರಸ್ತೆಗೆ ಬಂದಿತ್ತು, ಎಲ್ಲರ ಮೂಗಿಗೂ ಬಟ್ಟೆ. ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ ನಾನು ಟೆಟ್ರಾಸೈಕ್ಲಿನ್ ನುಂಗಿಕೊಂಡು ಉಳಿದೆ. ಕ್ಯಾಷ್ ಬೀಗದ ಕೈ ನನ್ನ ಹತ್ತಿರ ಇತ್ತಲ್ಲ! ಅಕ್ಟೋಬರ್ ಮೊದಲ ವಾರ ನವರಾತ್ರಿ ಶುರುವಾದಾಗ ನಮ್ಮ ಸೊಸೈಟಿಯಲ್ಲಿ ಉಳಿದಿದ್ದವು ಏಳೋ ಎಂಟೋ ಮನೆ. ಗೊತ್ತು ಮಾಡಿದ ಆರ್ಕೆಸ್ಟ್ರಾ ಬರಲಿಲ್ಲ. ಮೂರನೆಯ ಮನೆಯ ಅಜ್ಜಿ, ಎಲ್ಲರೂ ಅವರನ್ನು ಬಾ ಅನ್ನುತ್ತಿದ್ದೆವು, ಅಮ್ಮ ಅಂತ ಅರ್ಥ, ಅಂಗಳದಲ್ಲಿ ಮಡಕೆ ಇಟ್ಟು ದೀಪ ಹಚ್ಚಿದರು. ಐದು ಹೆಂಗಸರು, ಒಂದು ಸ್ಟೀಲ್ ಡಬ್ಬ. ಯಾರಿಗೂ ಯಾರೂ ಕೈ ತಾಗಿಸುವಂತಿಲ್ಲ. ದೂರ ದೂರ ನಿಂತು ಚಪ್ಪಾಳೆ ತಟ್ಟಿದರು. ದೊಡ್ಡ ಸ್ಪೀಕರಿನ ಅಭಿಮಾನಿಯಾದ ನಾನು ಆ ಡಬ್ಬದ ಸದ್ದು ಕೇಳಿ ಮೆಟ್ಟಿಲ ಮೇಲೆ ಕೂತಿದ್ದೆ. ಆ ಪ್ಲೇಗಿನಿಂದ ದೇಶದಲ್ಲಿ ಒಟ್ಟು 56 ಜನ ಸತ್ತರು ಅಂತ ಆಮೇಲೆ ಲೆಕ್ಕ ಬಂತು. ಹೆದರಿಕೆಗೆ ಮಾತ್ರ ಲೆಕ್ಕವಿಲ್ಲ. ಮರುವರ್ಷ ಎಸ್.ಆರ್. ರಾವ್ ಎಂಬ ಕಮಿಷನರ್ ಬಂದು ಊರನ್ನು ತೊಳೆದು ಎತ್ತಿದ್ದು ಇನ್ನೊಂದು ಕತೆ.

1998ರಿಂದ ಅಹಮದಾಬಾದು. ಅಲ್ಲಿ ಗರ್ಬಾ ಹೆದ್ದಾರಿ ಪಕ್ಕದ ಪಾರ್ಟಿ ಪ್ಲಾಟುಗಳಿಗೆ ಹೋಗಿತ್ತು. ವೇಗ ಹೆಚ್ಚು, ಹಿಂದಿ ಸಿನಿಮಾ ಹಾಡೂ ಹೆಚ್ಚು. ಮಣಿರಾಜ್ ಬಾರೋಟರ 'ಸನೇಡೋ' ಶುರುವಾದರೆ ಹುಡುಗರನ್ನು ಹಿಡಿಯುವವರಿಲ್ಲ. ನನಗೆ ಅಷ್ಟೇನೂ ರುಚಿಸಲಿಲ್ಲ. 2001ರ ಜನವರಿ 26ರ ಭೂಕಂಪಕ್ಕೆ ನಮ್ಮ ಗೋಡೆಗಳು ಬಿರುಕುಬಿಟ್ಟವು, ನಗರದಲ್ಲಿ ಎಷ್ಟೋ ಕಟ್ಟಡಗಳೇ ಕುಸಿದವು.

ಮರುವರ್ಷದ ಫೆಬ್ರವರಿ–ಮಾರ್ಚ್ ತಿಂಗಳ ಬಗ್ಗೆ ನಾನು ಹೊಸದಾಗಿ ಹೇಳಬೇಕಾದ್ದಿಲ್ಲ. ವಡೋದರಾದಲ್ಲಿ ಫಯಾಜ್ ಖಾನರ ಸಮಾಧಿಗೂ ಹಾನಿ ಮಾಡಿದರು ಅಂತ ಪೇಪರಿನಲ್ಲಿ ಓದಿದೆ. ಓದಿದಾಗ ಢೋಲಿನವನ ನೆನಪಾಯಿತು. ಅವನ ಮನೆಯಲ್ಲಿ ಫೋನಿರಲಿಲ್ಲ, ಪಕ್ಕದ ಅಂಗಡಿಯ ಪಿ.ಪಿ. ನಂಬರು ನನ್ನ ಡೈರಿಯಲ್ಲಿತ್ತು. ನಾನು ಫೋನು ಮಾಡಲಿಲ್ಲ. ನಾಳೆ ಮಾಡುವ, ಗಲಾಟೆ ತಣ್ಣಗಾಗಲಿ ಅಂತ ಮುಂದೆ ಹಾಕಿದೆ. ಆಮೇಲೆ ಏನಂತ ಕೇಳುವುದು ಅನ್ನಿಸಿತು. ಆ ಅಕ್ಟೋಬರಿನಲ್ಲಿ ನವರಾತ್ರಿ ಬಂತು. ಅದಕ್ಕೆ ಸ್ವಲ್ಪ ಮೊದಲು, ಸೆಪ್ಟೆಂಬರ್ 24ರಂದು, ಗಾಂಧಿನಗರದ ಅಕ್ಷರಧಾಮದ ಮೇಲೆ ದಾಳಿಯಾಗಿತ್ತು. ಬಂದೂಕಿನ ಪೊಲೀಸರ ನಡುವೆ ಗರ್ಬಾ ನಡೆಯಿತು. ನಾನು ಹೋಗಲಿಲ್ಲ. ಹೋಗದೇ ಇದ್ದದ್ದು ದೊಡ್ಡ ಸಂಗತಿಯೇನಲ್ಲ. ಫೋನು ಮಾಡದೇ ಇದ್ದದ್ದು ಮಾತ್ರ ಮನಸ್ಸಿನಲ್ಲಿ ಕೂತಿತು.

ಆ ದಶಕದಲ್ಲೇ ಇನ್ನೊಂದು ಬದಲಾವಣೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದು. 2002ರ ತಿದ್ದುಪಡಿಯಲ್ಲಿ ವರ್ಷಕ್ಕೆ ಹದಿನೈದು ದಿನದ ಮಟ್ಟಿಗೆ ಹನ್ನೆರಡರವರೆಗೆ ಸಡಿಲ ಕೊಡುವ ಅಧಿಕಾರ ರಾಜ್ಯಗಳಿಗೆ ಬಂತು. 2005ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಬೆಳಗಿನವರೆಗೆ ಏರುತ್ತಿದ್ದ ತಾಳವನ್ನು ಎರಡೂವರೆ ಗಂಟೆಗೆ ಮಡಚಬೇಕಾಯಿತು. ನಮ್ಮ ಮೇಳಗಳಿಗೆ ಕಾಲಮಿತಿ ಬಂದ ಹಾಗೆಯೇ. ಕಾಯಿಲೆಯವರಿಗೆ, ಪರೀಕ್ಷೆಯ ಮಕ್ಕಳಿಗೆ ಒಳ್ಳೆಯದಾಯಿತು, ಇಲ್ಲ ಅನ್ನಲಾರೆ. ಆದರೆ ಹಾಡುಗಾರಿಕೆ ಅವಸರದ್ದಾಯಿತು.

ಮಧ್ಯೆ ಬೇರೆ ರಾಜ್ಯಕ್ಕೂ ಹೋಗಿಬಂದು 2009ರಲ್ಲಿ ಮತ್ತೆ ವಡೋದರಾಕ್ಕೆ ಬಂದೆ. ಆ ಹೊತ್ತಿಗೆ ಅಲ್ಲಿ ಅತುಲ್ ಪುರೋಹಿತ್ ಎಂದರೆ ಮಾತೇ ಇಲ್ಲ. ಯುನೈಟೆಡ್ ವೇ ಆಫ್ ಬರೋಡಾ ಎಂಬ ಸೇವಾ ಸಂಸ್ಥೆ ನಡೆಸುವ ಗರ್ಬಾದಲ್ಲಿ ಅವರ ತಂಡ ಹಾಡುವುದು. ನವರಾತ್ರಿಗೆ ಮೊದಲು ಅಮೆರಿಕಕ್ಕೂ ಹೋಗಿ ಹಾಡಿ ಬರುತ್ತಾರೆ. ಮುಂಬಯಿಯವರಿಗೆ ಫಾಲ್ಗುಣಿ ಪಾಠಕ್ ಹೇಗೋ ಬರೋಡಾದವರಿಗೆ ಇವರು ಹಾಗೆ. ಅಹಮದಾಬಾದಿನ ಓಟವಿಲ್ಲ. ಗಂಭೀರವಾಗಿ ಶುರುಮಾಡಿ, ಮೈದಾನದ ಸಾವಿರಾರು ಜನರನ್ನು ಒಂದೇ ಗಾಣದ ಹಾಗೆ ತಿರುಗಿಸುತ್ತಾರೆ. 'ತಾರಾ ವಿನಾ ಶ್ಯಾಮ್' ಹಾಡು ಎತ್ತಿಕೊಂಡರೆ ಇಡೀ ಮೈದಾನವೇ ಹಾಡುತ್ತದೆ, ಅವರು ಮೈಕನ್ನು ಜನರ ಕಡೆ ತಿರುಗಿಸಿದರೆ ಸಾಕು. ಮೊದಲ ಸಲ ಕೇಳಿದಾಗ ನನ್ನ ಹೆಂಡತಿ ಅಂದದ್ದು: 'ನಮ್ಮೂರ್ ಆಟದ್ ಹಾಂಗೇ ಇತ್ತಲ್ದಾ?' ಅವಳು ಆಮೇಲೆ ಸುತ್ತಿಗೇ ಇಳಿದಳು, ಪಕ್ಕದ ಮನೆಯವರು ಚಣಿಯಾ ಚೋಳಿ ಹೊಲಿಸಿಕೊಟ್ಟಿದ್ದರು. ನಾನು ಪ್ರತಿ ವರ್ಷ ನನ್ನ ದುಡ್ಡಿನಲ್ಲೇ ಸೀಸನ್ ಪಾಸು ಕೊಂಡು ಬಲಗಡೆಯ ಸ್ಪೀಕರಿನ ಬುಡಕ್ಕೆ ನಿಲ್ಲುತ್ತಿದ್ದೆ. ಸಾಲಗಾರ ಗ್ರಾಹಕರು ಪಾಸು ತಂದುಕೊಟ್ಟರೆ ವಾಪಸು ಮಾಡುತ್ತಿದ್ದೆ. ಪಾಸಿಗೂ ಶೇ. 18 ಜಿಎಸ್‌ಟಿ ಅಂತ 2022ರಲ್ಲಿ ಗಲಾಟೆ ಎದ್ದಾಗ ವಾಣಿಜ್ಯ ಓದಿದವನಾಗಿ ನನಗೆ ನಗು ಬಂತು. ಐನೂರು ದಾಟಿದ ಟಿಕೇಟಿಗೆ ತೆರಿಗೆ ಮೊದಲೇ ಇತ್ತು, ಜನ ಅದನ್ನು ನೋಡಿದ್ದು ಆಗ.

ಢೋಲಿನವನನ್ನು ಹುಡುಕಿಕೊಂಡು ಹೋದದ್ದು 2009ರಲ್ಲೇ. ಮನೆ ಬದಲಾಗಿತ್ತು, ಗಡ್ಡ ಬೆಳ್ಳಗಾಗಿತ್ತು. ಚಹಾ ಕುಡಿಯುತ್ತಾ ನಾನೇ ಮಾತು ತೆಗೆದೆ. ಆ ವರ್ಷ ಫೋನು ಮಾಡಬೇಕಿತ್ತು, ಮಾಡಲಿಲ್ಲ ಅಂದೆ. ಅವನು ಬಸಿ ಕೆಳಗಿಟ್ಟು, 'ಮಾಡಿದ್ದರೂ ಯಾರು ಎತ್ತುತ್ತಿದ್ದರು ಸಾಬ್? ಆ ಅಂಗಡಿಯೇ ಉಳಿದಿರಲಿಲ್ಲ' ಅಂದ. ಅಷ್ಟೇ. ಎರಡು ವರ್ಷ ಅವನು ಗರ್ಬಾಕ್ಕೆ ಹೋಗಿರಲಿಲ್ಲ, ಮೂರನೇ ವರ್ಷ ಹಳೆಯ ತಂಡದವರೇ ಬಂದು ಕರೆದರಂತೆ. ಈಚಿನ ವರ್ಷಗಳಲ್ಲಿ ಕೆಲವು ಕಡೆ ಗುರುತಿನ ಚೀಟಿ ನೋಡಿ, ಹೆಸರು ನೋಡಿ ಒಳಗೆ ಬಿಡುವ ಪದ್ಧತಿ ಬಂದಿದೆ. ಅದರ ಬಗ್ಗೆ ಅವನು ನನ್ನ ಹತ್ತಿರ ಯಾವತ್ತೂ ಮಾತಾಡಲಿಲ್ಲ, ನಾನು ಕೇಳಲೂ ಇಲ್ಲ.

2020ರಲ್ಲಿ ನಾನು ನಿವೃತ್ತನಾದೆ. ಆ ವರ್ಷ ಕೊರೋನಾದಿಂದ ಸರ್ಕಾರ ಗರ್ಬಾಕ್ಕೆ ಅನುಮತಿಯನ್ನೇ ಕೊಡಲಿಲ್ಲ. 2021ರಲ್ಲಿ ನಾನೂರು ಜನರ ಮಿತಿಯಲ್ಲಿ ಬೀದಿಗಳಲ್ಲಿ, ಸೊಸೈಟಿಗಳಲ್ಲಿ ಮಾತ್ರ. ಒಂಬತ್ತು ರಾತ್ರಿಯ ಸಂಪಾದನೆಯಲ್ಲಿ ವರ್ಷ ತಳ್ಳುವವರಿಗೆ ಅದು ಎಂಥ ಪೆಟ್ಟು ಅಂತ ಪಾಸ್‌ಬುಕ್ ನೋಡಿದವನಿಗೆ ಗೊತ್ತು. 2023ರ ಡಿಸೆಂಬರಿನಲ್ಲಿ ಯುನೆಸ್ಕೊ ಗರ್ಬಾವನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಢೋಲಿನವನ ಮಗನಿಗೆ ಫೋನು ಮಾಡಿ ಅಭಿನಂದನೆ ಹೇಳಿದೆ. ಈ ಸಲ ತಡಮಾಡಲಿಲ್ಲ.

ಸೇವೆಯಲ್ಲಿದ್ದಾಗಿನ ಕೊನೆಯ ನವರಾತ್ರಿ, 2019ರದ್ದು, ಒಂದು ಸೊಸೈಟಿಯ ಗರ್ಬಾಕ್ಕೆ ಅವನೇ ಕರೆದಿದ್ದ. ಮಗ ಆಕ್ಟಪ್ಯಾಡ್ ಮೇಲೆ. ಅಪ್ಪ ಕೈ ನಡುಗುವುದರಿಂದ ವೇದಿಕೆಯ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ವಿರಾಮದಲ್ಲಿ 'ಸಾಬ್, ನಿಮ್ಮ ಆ ಹಾಡುಗಾರನ ಕ್ಯಾಸೆಟ್ ಇದೆಯಾ?' ಅಂತ ಕೇಳಿದ. ಕ್ಯಾಸೆಟ್ ಎಂದೋ ಸಿಕ್ಕಿಹಾಕಿಕೊಂಡು ಹರಿದುಹೋಗಿತ್ತು. ಮಗಳು ಅದೇ ಪದವನ್ನು ಮೊಬೈಲಿಗೆ ಹಾಕಿಕೊಟ್ಟಿದ್ದಳು. ಹಚ್ಚಿ ಅವನ ಕಿವಿಗೆ ಹಿಡಿದೆ. ಬೆರಳು ಕುರ್ಚಿಯ ಕೈಮೇಲೆ ಆಡತೊಡಗಿತು. ಚಂಡೆ ಏರುತ್ತಾ ಬಂದು, ಆ ಜಾಗಕ್ಕೆ ಬಂದು ನಿಂತಿತು. ಅವನ ಬೆರಳೂ ನಿಂತಿತು. ನನ್ನ ಮುಖ ನೋಡಿದ. ಅಷ್ಟರಲ್ಲಿ ಮೈಕಿನವರು ಮಗನನ್ನು ಕರೆದರು, ಹನ್ನೆರಡಕ್ಕೆ ಇನ್ನು ಇಪ್ಪತ್ತೇ ನಿಮಿಷ ಇತ್ತು.